ಎಡಗಡೆಯ ಅಂಚು

ಜೂನ್ ೨

ಚುಕ್ಕಿ,

ನಾನು ಇಲ್ಲಿ ಇದ್ದೇನೆ. ನೀನು ಅಲ್ಲಿ ಇರುವೆಯೆಂದು ತಿಳಿದು ಬರೆಯುತ್ತಿದ್ದೇನೆ. ವಿಳಾಸ ಬದಲಾಗಿದ್ದರೆ ಈ ಕಾಗದ ಹಿಂದಕ್ಕೆ ಬರುತ್ತದೆ. ಬಂದರೆ ತಪ್ಪು ನನ್ನದೇ. ಎರಡು ವರ್ಷ ನಾನೂ ಕೇಳಲಿಲ್ಲ.

ಒಂದು ಕೆಲಸವಿದೆ. ನಿನ್ನ ಅಮ್ಮನ ಪುಸ್ತಕಗಳನ್ನು ಬೀದಿಯ ಕೊನೆಯ ವಾಚನಾಲಯಕ್ಕೆ ಕೊಡುವುದೆಂದು ಒಪ್ಪಿಕೊಂಡಿದ್ದೇನೆ. ನೂರ ನಲವತ್ತೊಂದು ಇವೆ. ಹೆಚ್ಚಿನವು ಎಲ್ಲೆಲ್ಲಿಯದೋ ಭಾಷೆಗಳಿಂದ ಅನುವಾದವಾಗಿ ಬಂದ ಕಾದಂಬರಿಗಳು. ಇಡೀ ದಿನ ನಮ್ಮ ಪ್ರೆಸ್ಸಿನ ಕರಡು ತಿದ್ದಿ, ಸಂಜೆ ಕಣ್ಣಿಗೆ ವಿಶ್ರಾಂತಿ ಎಂದು ಮತ್ತೆ ಓದುತ್ತಿದ್ದಳಲ್ಲ, ಅವು. ಪ್ರತಿ ಪುಸ್ತಕದ ಒಳರಟ್ಟಿಗೆ ಒಂದು ಚೀಟಿ ಅಂಟಿಸಬೇಕು. ಹೆಸರು ಬೇಡ. ನಾಲ್ಕು ಸಾಲು ಸಾಕು:

ಈ ಪುಸ್ತಕದ ಒಡತಿ
ಇದನ್ನು ಕೊನೆಯವರೆಗೆ ಓದಿದ್ದಳು.
ನೀವು ಅರ್ಧಕ್ಕೆ ಬಿಟ್ಟರೂ
ದಯವಿಟ್ಟು ಹಿಂದಿರುಗಿಸಿ.

ಒಂದು ಪುಸ್ತಕ ಮಾತ್ರ ಕೊಡುವುದಿಲ್ಲ. ಅದರ ನೂರ ಹನ್ನೆರಡನೆಯ ಪುಟದಲ್ಲಿ ಆಸ್ಪತ್ರೆಯ ಚೀಟಿ ಮಡಚಿಟ್ಟಿದ್ದಾಳೆ. ಮುಂದೆ ಓದಿಲ್ಲ. ಅದಕ್ಕೆ ಇದನ್ನು ಅಂಟಿಸಿದರೆ ಸುಳ್ಳಾಗುತ್ತದೆ.

ಅಚ್ಚಿನ ಮೊಳೆ ಇದ್ದಿದ್ದರೆ ಅಕ್ಷರ ನಾನೇ ಜೋಡಿಸುತ್ತಿದ್ದೆ. ಕೆಳಗೆ ಪ್ರೆಸ್ಸಿದ್ದ ಕೋಣೆಯಲ್ಲಿ ಈಗ ಟೈಲರಮ್ಮ ಇದ್ದಾಳೆ. ಮೊಳೆಯ ಕೇಸುಗಳನ್ನು ಎಸೆಯಲು ಮನಸ್ಸಾಗದೆ ಗುಂಡಿ ತುಂಬಿಟ್ಟುಕೊಂಡಿದ್ದಾಳೆ. 'ಕ' ಇದ್ದ ಮನೆಯಲ್ಲಿ ಬಿಳಿ ಗುಂಡಿ, 'ಳ' ಇದ್ದ ಮನೆಯಲ್ಲಿ ಪ್ಯಾಂಟಿನ ಕೊಕ್ಕೆ. ಮಧ್ಯಾಹ್ನದ ಊಟ ಅವಳೇ ತಂದುಕೊಡುತ್ತಾಳೆ. ಫೋನ್ ಮಾಡಲು ಹೋಗಬೇಡ. ನನ್ನ ಕಿವಿಯನ್ನು ಪ್ರೆಸ್ಸಿನ ಮಷಿನ್ನಿನ ಸದ್ದಿಗೆ ಕೊಟ್ಟಾಗಿದೆ ಎಂದು ನಿನಗೆ ಗೊತ್ತು.

ಸಾಲುಗಳನ್ನು ಎಡಕ್ಕೆ ಹೊಂದಿಸು. ಎರಡೂ ಬದಿ ಸಮ ಮಾಡಬೇಡ. ಎರಡೂ ಬದಿ ಸಮ ಕಾಣುವ ಸಾಲಿನೊಳಗೆ ಎಲ್ಲೋ ಎರಡು ಪದಗಳ ನಡುವೆ ಖಾಲಿ ಜಾಗ ಬಚ್ಚಿಟ್ಟಿರುತ್ತೇವೆ. ನಲವತ್ತು ವರ್ಷ ಬಚ್ಚಿಟ್ಟವನು ಹೇಳುತ್ತಿದ್ದೇನೆ. ಬಲಕ್ಕೆ ನಿಲ್ಲಬೇಕಾದದ್ದು ಸಹಿಯೊಂದೇ. ಮಧ್ಯಕ್ಕಂತೂ ಬೇಡವೇ ಬೇಡ.

ಆ ಕಾರ್ಡಿನ ವಿಷಯ ಮತ್ತೆ ಎತ್ತುವುದಿಲ್ಲ.

ಅಪ್ಪ


ಜೂನ್ ೧೧

ಅಪ್ಪ,

ವಿಳಾಸ ಅದೇ. ಕವರಿನ ಮೇಲಿನ ಅಕ್ಷರ ನೋಡಿ, ಬಿಡಿಸಲು ಎರಡು ದಿನ ತೆಗೆದುಕೊಂಡೆ. ಗೆರೆಯಿಲ್ಲದ ಹಾಳೆಯಲ್ಲಿ ಬರೆದಿದ್ದೀರಿ, ಆದರೂ ಎಡ ಅಂಚು ದಾರ ಹಿಡಿದು ಎಳೆದಷ್ಟು ನೇರ. ಸ್ಕೇಲ್ ಇಟ್ಟು ನೋಡಿದೆ. ಮೊದಲ ಸಾಲಿಗೂ ಕೊನೆಯ ಸಾಲಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ.

ಚೀಟಿಯ ಕರಡು ಜೊತೆಗಿದೆ. ಎಡಕ್ಕೇ ಹೊಂದಿಸಿದ್ದೇನೆ. ನೋಡಿ ತಿದ್ದಿ ಕಳಿಸಿದರೆ ನೂರ ನಲವತ್ತು ಪ್ರತಿ ಮುದ್ರಿಸಿ ಕಳಿಸುತ್ತೇನೆ.

ನಾನು ಈಗಲೂ ಅದೇ ಕಚೇರಿಯಲ್ಲಿದ್ದೇನೆ. ಔಷಧಿ ಡಬ್ಬಿಯೊಳಗೆ ಮಡಚಿಡುತ್ತಾರಲ್ಲ, ಯಾರೂ ಓದದ ಆ ಹಾಳೆ, ಅದನ್ನು ಹನ್ನೊಂದು ಭಾಷೆಗಳಲ್ಲಿ ಪುಟ ಮಾಡುವುದು ನನ್ನ ಕೆಲಸ. ಎರಡು ಭಾಷೆಗಳು ಬಲದಿಂದ ಎಡಕ್ಕೆ ಓಡುತ್ತವೆ. ಅವುಗಳಲ್ಲಿ ಒಂದಕ್ಷರವೂ ನನಗೆ ಬರುವುದಿಲ್ಲ. ಅಂಚು ಸರಿಯಿದೆಯೋ ಇಲ್ಲವೋ ಎಂದು ಮಾತ್ರ ಹೇಳಬಲ್ಲೆ.

ಪಕ್ಕದ ಮೇಜಿನವನು ಈಗಲೂ ಸ್ಪೇಸ್ ಬಾರ್ ಒತ್ತಿ ಒತ್ತಿಯೇ ಸಾಲು ಸರಿಮಾಡುತ್ತಾನೆ. ಅವನ ಪರದೆಯಲ್ಲಿ ಅಂಕಿಗಳೆಲ್ಲ ಒಂದರ ಕೆಳಗೊಂದು ನಿಂತಿರುತ್ತವೆ. ಅದೇ ಕಡತವನ್ನು ನನ್ನ ಪರದೆಯಲ್ಲಿ ತೆರೆದರೆ ಮೆಟ್ಟಿಲಿಂದ ಜಾರಿ ಬಿದ್ದ ಹಾಗೆ ಚೆಲ್ಲಾಪಿಲ್ಲಿ. ನಿನ್ನೆಯೂ ಕೇಳಿದ.

"ಕಣ್ಣಿಗೆ ನೇರ ಕಂಡ್ರೆ ಸಾಲ್ದಾ ಮೇಡಂ?"

"ಯಾರ ಕಣ್ಣಿಗೆ?" ಎಂದೆ.

"ನನ್ನ ಕಣ್ಣಿಗೆ."

"ಹಾಗಾದ್ರೆ ಡಬ್ಬಿ ಜೊತೆ ನಿನ್ನ ಕಣ್ಣನ್ನೂ ಕಳಿಸು."

ಅವನು ನಕ್ಕ. ನಾನು ನಗಲಿಲ್ಲ. ಯಾಕೆಂದು ಇನ್ನೊಮ್ಮೆ ಬರೆಯುತ್ತೇನೆ.

ನಿಮ್ಮ ಚುಕ್ಕಿ


ಜುಲೈ ೧

ಚುಕ್ಕಿ,

ಉತ್ತರ ತಡವಾಯಿತು. ಹೋದ ವಾರ ಮೆಟ್ಟಿಲ ಹತ್ತಿರ ತಲೆ ಸುತ್ತಿದಂತಾಯಿತು. ಸ್ವಲ್ಪ ಹೊತ್ತು ಅಲ್ಲೇ ಕುಳಿತೆ, ಸರಿಹೋಯಿತು. ಡಾಕ್ಟರ ಹತ್ತಿರ ಹೋಗುವಷ್ಟು ಏನಲ್ಲ. ಬಾಗಿಲು ಒಂದೆರಡು ಸಲ ಭುಜಕ್ಕೆ ತಗುಲಿತು. ಹಳೆಯ ಕಟ್ಟಡ, ಚೌಕಟ್ಟು ಒಳಗೆ ವಾಲಿರಬೇಕು.

ನಿನ್ನ ಕರಡು ನೋಡಿದೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ಹೀಗೆ ಕಳಿಸುತ್ತೀಯೆಂದು ಎಣಿಸಿರಲಿಲ್ಲ. ಪ್ರತಿ ಸಾಲಿನ ಮೊದಲ ಪದವೇ ಇಲ್ಲ. ನೀನೇ ಓದಿಕೋ:

ಪುಸ್ತಕದ ಒಡತಿ
ಕೊನೆಯವರೆಗೆ ಓದಿದ್ದಳು.
ಅರ್ಧಕ್ಕೆ ಬಿಟ್ಟರೂ
ಹಿಂದಿರುಗಿಸಿ.

'ದಯವಿಟ್ಟು' ಹಾರಿಹೋಗಿ ಬರೀ 'ಹಿಂದಿರುಗಿಸಿ' ಉಳಿದಿದೆ. ನಿನ್ನ ಅಮ್ಮ ಯಾರಿಗೂ ಹಾಗೆ ಗದರಿದವಳಲ್ಲ. ಪದ ಬಿಟ್ಟುಹೋದರೆ ಪರವಾಗಿಲ್ಲ, ಎಲ್ಲರಿಗೂ ಬಿಡುತ್ತದೆ. ಆದರೆ ಕಳಿಸುವ ಮುಂಚೆ ಒಮ್ಮೆ ಜೋರಾಗಿ ಓದಿದ್ದರೆ ಗೊತ್ತಾಗುತ್ತಿತ್ತು. ಅವಳು ಹಾಗೆ ಓದುತ್ತಿದ್ದಳು. ನಾನು ಮೊಳೆ ಜೋಡಿಸುತ್ತ ಕೇಳುತ್ತಿದ್ದೆ, ಕೇಳುವ ಕಾಲದಲ್ಲಿ.

ಅಪ್ಪ


ಜುಲೈ ೯

ಅಪ್ಪ,

ನನ್ನ ಹತ್ತಿರವಿರುವ ಪ್ರತಿಯಲ್ಲಿ ಎಲ್ಲ ಪದಗಳೂ ಇವೆ. ಕಡತ ತೆರೆದು ನೋಡಿದೆ, ಮತ್ತೆ ಮುದ್ರಿಸಿ ನೋಡಿದೆ, ನೀವು ಹೇಳಿದಂತೆ ಜೋರಾಗಿಯೂ ಓದಿದೆ. ಪಕ್ಕದವನು ತಿರುಗಿ ನೋಡಿದ. 'ದಯವಿಟ್ಟು' ತನ್ನ ಜಾಗದಲ್ಲೇ ಇದೆ.

ನನ್ನನ್ನು ಪರೀಕ್ಷೆ ಮಾಡುತ್ತಿದ್ದೀರೇನೋ ಎಂದುಕೊಂಡೆ. ಆಮೇಲೆ ಕಾಗದವನ್ನು ತಪ್ಪಾಗಿ ಕತ್ತರಿಸಿ ಕಳಿಸಿದೆನೇನೋ ಎಂದೂ ಅನ್ನಿಸಿತು. ಈ ಸಲ ದೊಡ್ಡ ಹಾಳೆಯಲ್ಲಿ ಮೂರು ಬಗೆ ಮಾಡಿ ಕಳಿಸುತ್ತಿದ್ದೇನೆ. ಮೊದಲನೆಯದು ಎಡಕ್ಕೆ, ಎರಡನೆಯದು ಮಧ್ಯಕ್ಕೆ (ಬೈಯಬೇಡಿ, ಹೋಲಿಸಿ ನೋಡಲು ಮಾತ್ರ), ಮೂರನೆಯದು ಹಾಳೆಯ ಬಲ ತುದಿಗೆ.

ಇನ್ನೊಂದು ವಿಷಯ, ಕೇಳಲೋ ಬೇಡವೋ ಗೊತ್ತಾಗುತ್ತಿಲ್ಲ. ನಿಮ್ಮ ಹೋದ ಕಾಗದದಲ್ಲಿ ಮೊದಲ ಸಾಲಿಗೆ ಎರಡು ಬೆರಳಿನಷ್ಟು ಅಂಚಿತ್ತು, ಕೊನೆಯ ಸಾಲು ಬರುವಷ್ಟರಲ್ಲಿ ಅಂಗೈಯಷ್ಟಾಗಿತ್ತು. ನೀವು ಸುಮ್ಮನೆ ಅಂಚು ಬಿಡುವವರಲ್ಲ.

ನಿಮ್ಮ ಚುಕ್ಕಿ


ಜುಲೈ ೨೮

ಚುಕ್ಕಿ,

ಮೂರನ್ನೂ ನೋಡಿದೆ. ಎಡಕ್ಕೆ ಹೊಂದಿಸಿದ್ದು ಹಾಳೆಯಲ್ಲಿ ಇಲ್ಲವೇ ಇಲ್ಲ. ಮರೆತಿದ್ದೀಯ. ಮಧ್ಯದ್ದು ಅರ್ಧಂಬರ್ಧ. ಬಲಕ್ಕೆ ನಿಲ್ಲಿಸಿದ್ದರಲ್ಲಿ ಮಾತ್ರ ಎಲ್ಲ ಪದ ಇವೆ, 'ದಯವಿಟ್ಟು' ಕೂಡ ಇದೆ. ಹಾಗಾಗಿ ಅದನ್ನೇ ಮಾಡು. ಬಲಕ್ಕೆ ಸಹಿಯೊಂದೇ ನಿಲ್ಲಬೇಕು ಎಂದು ಜೀವನವಿಡೀ ಹೇಳಿದವನು ನಾನೇ. ಇರಲಿ.

ಅಂಚಿನ ವಿಷಯ ಕೇಳಿದ್ದೀಯ. ಯಾವ ಅಂಚು? ನಾನು ಯಾವಾಗಲೂ ಬರೆಯುವ ಹಾಗೆಯೇ ಬರೆಯುತ್ತಿದ್ದೇನೆ.

ಟೈಲರಮ್ಮ ಈಗೀಗ ಅರ್ಧ ತಟ್ಟೆ ಊಟ ತರುತ್ತಾಳೆ. ಕೈ ಬಿಗಿಯಾಗಿದೆ ಅವಳದು. ಕೇಳಿದರೆ ನಗುತ್ತಾಳೆ. ನಾನು ಹೊರಗೆ ಹೊರಟರೂ ನಗುತ್ತಾಳೆ. ನಗಲಿ, ಬಾಡಿಗೆ ಕೋಣೆಯಲ್ಲಿ ಒಬ್ಬರಾದರೂ ನಗಬೇಕು.

ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೇನೆ. ಎಣಿಸಿದರೆ ತೊಂಬತ್ತೆಂಟೇ ಸಿಗುತ್ತಿವೆ. ಉಳಿದವನ್ನು ಯಾರು ಒಯ್ದರೋ ತಿಳಿಯದು. ಕೊಡದೆ ಇಟ್ಟುಕೊಂಡ ಆ ಒಂದನ್ನು ದಿನಕ್ಕೆ ಒಂದು ಪುಟ ಓದುತ್ತಿದ್ದೇನೆ, ನೂರ ಹದಿಮೂರರಿಂದ. ಅನುವಾದ ಚೆನ್ನಾಗಿಲ್ಲ. ವಾಕ್ಯಗಳು ಒಂದಕ್ಕೊಂದು ಸೇರುವುದಿಲ್ಲ. ನಿನ್ನ ಅಮ್ಮ ಇದನ್ನು ಹೇಗೆ ಮೆಚ್ಚಿದಳೋ.

ಅಪ್ಪ


(ಜುಲೈ ೨೮ರ ಅದೇ ಹಾಳೆ. ಎಡಗಡೆ ಖಾಲಿ ಉಳಿದಿದ್ದ ಅರ್ಧದಲ್ಲಿ, ಬೇರೆ ಕೈಬರಹದಲ್ಲಿ)

ಆಗಸ್ಟ್ ೬

ಅಪ್ಪ, ನಿಮ್ಮ ಕಾಗದ ತೆರೆದಾಗ ಅರ್ಧ ಹಾಳೆ ಖಾಲಿಯಿತ್ತು, ನಿಮ್ಮ ಅಕ್ಷರಗಳೆಲ್ಲ ಬಲಕ್ಕೆ ಸರಿದು ಕುಳಿತಿದ್ದವು. "ಯಾವ ಅಂಚು?" ಎಂದು ಕೇಳಿದ್ದೀರಿ. ಆಗ ಅರ್ಥವಾಯಿತು. ಮೊದಲೇ ಅರ್ಥವಾಗಬೇಕಿತ್ತು.

ಚಿಕ್ಕವಳಿದ್ದಾಗ ತಪ್ಪು ಒಪ್ಪಿಕೊಳ್ಳಲು ನನಗೆ ಬಾಯಿ ಬರುತ್ತಿರಲಿಲ್ಲ. ನೀವು ಕರಡಿನ ಹಾಳೆ ಮುಂದಿಟ್ಟು, "ಬಾಯಲ್ಲಿ ಬರ್ಲಿಲ್ಲ ಅಂದ್ರೆ ಅಂಚಲ್ಲಿ ಬರಿ" ಎಂದು ಹೇಳಿ ಕೆಳಗಿಳಿದು ಹೋಗುತ್ತಿದ್ದಿರಿ. ಮಸಿ ಚೆಲ್ಲಿದ್ದು ನಾನೇ. ಗಾಜು ಒಡೆದದ್ದು ನಾನೇ. ಸಂಜೆ ನೋಡಿದರೆ ಅದರ ಕೆಳಗೆ ಅಮ್ಮನ ಕೆಂಪು ಪೆನ್ಸಿಲಿನ ಚುಕ್ಕಿಗಳು ಸಾಲಾಗಿ ಇರುತ್ತಿದ್ದವು. ಹೊಡೆದುಹಾಕಿದ ಪದದ ಕೆಳಗೆ ಹಾಗೆ ಚುಕ್ಕಿ ಇಟ್ಟರೆ 'ಇದ್ದ ಹಾಗೇ ಇರಲಿ' ಎಂದರ್ಥ ಅಲ್ಲವೇ? ನನಗೆ ಆ ಹೆಸರು ಬಂದದ್ದೂ ಅದರಿಂದಲೇ ಎಂದು ಅಮ್ಮ ನಗುತ್ತಿದ್ದಳು. "ಈ ವಯಸ್ಸಲ್ಲಿ ಮಗು ಬೇಡ ಅಂದ್ಕೊಂಡಿದ್ವಿ, ಆಮೇಲೆ ಇರ್ಲಿ ಅಂದ್ವಿ." ಯಾರ ಮುಂದೆ ಬೇಕಾದರೂ ಹೇಳುತ್ತಿದ್ದಳು, ಮಾನ ಮರ್ಯಾದೆ ನೋಡದೆ.

ಈಗ ಅಂಚಿನಲ್ಲಿ ಬರೆಯುತ್ತೇನೆ. ಅಮ್ಮ ಹೋದ ದಿನ ಬಸ್ಸು ತಡವಾಗಿರಲಿಲ್ಲ. ಸುಳ್ಳು ಹೇಳಿದೆ. ಹನ್ನೊಂದೂವರೆಗೆ ಆಸ್ಪತ್ರೆಯ ನರ್ಸ್ ಫೋನ್ ಮಾಡಿ, "ತಾಯಿನ ನೋಡೋಕೆ ಬೇಗ ಬನ್ನಿ" ಅಂದಳು. ಆ ಹೊತ್ತಿಗೆ ನನ್ನ ಮುಂದೆ ಒಂದು ಹಾಳೆಯಿತ್ತು. ಪಕ್ಕದವನು ಸ್ಪೇಸ್ ಒತ್ತಿ ಮಾಡಿದ ಪಟ್ಟಿ ನನ್ನ ಪರದೆಯಲ್ಲಿ ಜಾರಿ, ದೊಡ್ಡವರ ಔಷಧಿಯ ಪ್ರಮಾಣ ಮಕ್ಕಳ ಸಾಲಿಗೆ ಬಂದು ಕುಳಿತಿತ್ತು. ಹಾಗೆಯೇ ಅಚ್ಚಿಗೆ ಹೋಗಿದ್ದರೆ ಯಾವುದೋ ಮನೆಯಲ್ಲಿ ಒಂದು ಮಗು ಸಾಯುತ್ತಿತ್ತು. ಅದನ್ನು ಸರಿಮಾಡಿ ಬಂದೆ. ನಾನು ಬಂದಾಗ ಹಾಸಿಗೆಯ ಹೊದಿಕೆ ಬದಲಾಯಿಸುತ್ತಿದ್ದರು.

ಅಂಚು ಬಿಟ್ಟದ್ದಕ್ಕೆ ನಿಮಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಕೆಳಗೆ ಚುಕ್ಕಿ ಇಡಬೇಕೆಂದೇನಿಲ್ಲ. ಓದಿದೆ ಎಂದು ಬರೆದರೆ ಸಾಕು.

ಚುಕ್ಕಿ


ಆಗಸ್ಟ್ ೨೦

ನಿನ್ನ ಕವರು ಬಂತು. ಒಳಗೆ ನನ್ನದೇ ಕಾಗದ ಇತ್ತು. ನಾನು ಬರೆದದ್ದನ್ನೇ ನನಗೆ ಹಿಂದಕ್ಕೆ ಕಳಿಸಿದ್ದೀಯ, ಒಂದು ಪದ ಸೇರಿಸದೆ. ಕವರು ಕೊಡವಿ ನೋಡಿದೆ. ಹಾಳೆಯ ಹಿಂದೆಯೂ ನೋಡಿದೆ.

ತಿಳಿಯಿತು. ಅಂಚೆಯವರು ವಾಪಸು ಮಾಡಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ.

ಚೀಟಿ ಬೇಡ. ಪುಸ್ತಕಗಳನ್ನು ಹಾಗೆಯೇ ಕೊಟ್ಟುಬಿಡುತ್ತೇನೆ.

ಅಪ್ಪ


ಸೆಪ್ಟೆಂಬರ್ ೧

ಅಪ್ಪ,

ಒಂದು ಪದ ಸೇರಿಸಲಿಲ್ಲ ಎನ್ನುತ್ತೀರಿ. ಅರ್ಧ ಹಾಳೆ ಬರೆದಿದ್ದೆ. ನಾಲ್ಕು ಸಲ ಬೇರೆ ಕಾಗದದಲ್ಲಿ ಬರೆದು ಹರಿದು, ಐದನೆಯ ಸಲ ಅಲ್ಲಿ ಬರೆದದ್ದು.

ಓದಿಯೂ ಓದದ ಹಾಗೆ ಇರಲು ನಿಮಗೆ ಬರುತ್ತದೆ. ಅಮ್ಮ ಹೋದ ಹನ್ನೊಂದನೆಯ ದಿನ, ನಾನು ಅತ್ತುಕೊಂಡು ಮಾಡಿದ ಶ್ರದ್ಧಾಂಜಲಿಯ ಕಾರ್ಡನ್ನು ಅಷ್ಟು ಜನರ ಮುಂದೆ ಎತ್ತಿ ಹಿಡಿದು, "ಇದೇನು ಮದುವೆ ಕಾರ್ಡಾ, ಎಲ್ಲಾ ಮಧ್ಯಕ್ಕೆ ನಿಲ್ಸಿದೀಯಲ್ಲ?" ಎಂದಿರಿ. ಕಾರ್ಡಿನಲ್ಲಿ ಏನು ಬರೆದಿದ್ದೆ ಎಂಬುದನ್ನು ಅವತ್ತೂ ಓದಲಿಲ್ಲ. ಸಾಲು ಎಲ್ಲಿ ನಿಂತಿದೆ ಎಂದಷ್ಟೇ ನೋಡಿದಿರಿ.

ಖಾಲಿ ಅಂಚು ತೋರಿಸಿ ಕರೆದವರು ನೀವು. ಬಂದೆ. ಬಾಗಿಲು ಹಾಕಿದಿರಿ. ಇನ್ನು ಬರೆಯುವುದಿಲ್ಲ.

ಚುಕ್ಕಿ


ಅಕ್ಟೋಬರ್ ೧೪

ತಂಗೀ,

ನಾನು ನಿಮ್ಮಪ್ಪನ ಮನೆ ಕೆಳಗಿನ ಟೈಲರು. ನನ್ನ ಕೈಗೆ ಸೂಜಿ ಬರುತ್ತೆ, ಪೆನ್ನು ಬರಲ್ಲ. ತಪ್ಪಿದ್ರೆ ನೀವೇ ಸರಿಮಾಡ್ಕೊಂಡು ಓದ್ಕೊಳ್ಳಿ, ನಿಮ್ಮ ಮನೇಲಿ ಎಲ್ರೂ ಅದೇ ಕೆಲಸ ಮಾಡೋರು ತಾನೆ.

ಹೋದ ಗುರುವಾರ ಅಣ್ಣ, ಅಂದ್ರೆ ನಿಮ್ಮಪ್ಪ, ಬಿದ್ರು. ಆಸ್ಪತ್ರೇಲಿ ಆರು ದಿನ ಇದ್ದು ನಿನ್ನೆ ಮನೆಗೆ ಬಂದ್ರು. ಪ್ರಾಣಕ್ಕೇನೂ ತೊಂದ್ರೆ ಇಲ್ಲ. ನಿಮಗೆ ಬರೀಬೇಡ ಅಂತ ಮೂರು ಸಲ ಹೇಳಿದ್ರು. ಅದಕ್ಕೇ ಬರೀತಿದೀನಿ.

ಮಳೆ ಹಿಡಿಯೋ ಹೊತ್ತಿಗೇ ಶುರುವಾಗಿತ್ತು ಇದು, ನಮಗೆ ತಿಳೀಲಿಲ್ಲ. ಒಂದು ದಿನ ಅರ್ಧ ಮುಖ ಮಾತ್ರ ಗಡ್ಡ ಬೋಳಿಸ್ಕೊಂಡು ಕೆಳಗೆ ಬಂದ್ರು. ನಾನು ನಕ್ಕೆ, "ಏನಣ್ಣ, ಬ್ಲೇಡು ಅರ್ಧಕ್ಕೇ ಮುಗೀತಾ?" ಅಂದೆ. ಅಂಗಿ ಬಲಗೈ ತೋಳು ಹಾಕ್ಕೊಂಡು ಎಡಗೈದು ಹಿಂದೆ ನೇತಾಡಿಸ್ಕೊಂಡು ಬರ್ತಿದ್ರು. ಮರೆವು ಅಂದ್ಕೊಂಡೆ. ತಟ್ಟೇಲಿ ಬಲಗಡೆ ಇದ್ದಿದ್ದು ಮಾತ್ರ ತಿಂದು, "ಇಷ್ಟೇನಾ?" ಅಂತಿದ್ರು. ನಾನು ತಟ್ಟೆ ತಿರುಗಿಸಿ ಇಟ್ರೆ, "ಈಗ ಬಡಿಸಿದ್ಯಾ?" ಅನ್ನೋರು. ಇದಕ್ಕೆಲ್ಲಾ ನಕ್ಕಿದೀನಿ ತಂಗೀ. ಈಗ ನೆನೆಸ್ಕೊಂಡ್ರೆ ನನ್ನ ಬಾಯಿಗೇ ಹೊಲಿಗೆ ಹಾಕ್ಬೇಕು ಅನ್ಸುತ್ತೆ.

ಡಾಕ್ಟರು ಪೇಪರ್ ಕೊಟ್ಟು ಗಡಿಯಾರ ಬರೀರಿ ಅಂದ್ರು. ದುಂಡಗೆ ಬರೆದ್ರು, ಎಷ್ಟಾದ್ರೂ ಅವರ ಕೈ. ಆದ್ರೆ ಒಂದರಿಂದ ಹನ್ನೆರಡರ ತನಕ ಎಲ್ಲಾ ಅಂಕಿನೂ ಬಲಗಡೆಗೇ ಒತ್ತೊತ್ತಾಗಿ ತುಂಬಿಬಿಟ್ಟಿದ್ರು. ಎಡಗಡೆ ಬರೀ ಖಾಲಿ. "ಸರಿ ಇದ್ಯಾ?" ಅಂದ್ರೆ, "ಸರಿ ಇದೆ" ಅಂದ್ರು. ಡಾಕ್ಟರು ನನ್ನ ಹೊರಗೆ ಕರೆದು ಹೇಳಿದ್ರು, ಕಣ್ಣು ಚೆನ್ನಾಗೇ ಇದೆ, ತಲೇಲಿ ಬಲಗಡೆ ರಕ್ತ ನಿಂತಿದೆ, ಎಡಗಡೆ ಅನ್ನೋದೇ ಇವರ ಪಾಲಿಗೆ ಇಲ್ಲ ಅಂತ. ಕತ್ತಲೆ ಆದ್ರೆ ಕತ್ತಲೆ ಅಂತ ಗೊತ್ತಾಗುತ್ತೆ. ಇದು ಹಾಗಲ್ವಂತೆ. ಇಲ್ಲ ಅನ್ನೋದೂ ಅವರಿಗೆ ಗೊತ್ತಾಗಲ್ವಂತೆ.

ಪುಸ್ತಕ ಯಾರೋ ಕದ್ರು ಅಂತಿದ್ರಲ್ಲ, ಎಲ್ಲಾ ಕಪಾಟಿನ ಎಡಗಡೆ ಸಾಲಲ್ಲೇ ಇವೆ.

ಮನೆ ಗುಡಿಸೋವಾಗ ದಿಂಬಿನ ಕೆಳಗೆ ಒಂದು ಹಾಳೆ ಸಿಕ್ತು. ಬಲಗಡೆ ಅವರ ಅಕ್ಷರ, ಎಡಗಡೆ ನಿಮ್ಮದು. "ಅಣ್ಣ, ಮಗಳು ಇಷ್ಟು ಬರೆದಿದಾಳಲ್ಲ" ಅಂದೆ. "ಎಲ್ಲಿ? ಅದು ಖಾಲಿ" ಅಂದ್ರು. ಬೆರಳಿಟ್ಟು ತೋರಿಸಿದೆ. ಬೆರಳೂ ಕಾಣಲಿಲ್ಲ. ನಾನು ಓದಿ ಹೇಳಬಹುದಿತ್ತು, ಹೇಳಲಿಲ್ಲ. ಅವರ ಕಿವಿಗೆ ಕೇಳೋ ಹಾಗೆ ಕೂಗಿ ಹೇಳಿದ್ರೆ ಬೀದಿಗೆಲ್ಲಾ ಕೇಳುತ್ತೆ. ಅದು ಬೀದಿಗೆ ಹೇಳೋ ವಿಷಯ ಅಲ್ಲ ಅಂತ ಮೊದಲನೇ ಸಾಲಲ್ಲೇ ಗೊತ್ತಾಗಿ ಮಡಚಿಟ್ಟೆ.

ಡಾಕ್ಟರು ಒಂದು ಉಪಾಯ ಹೇಳಿದಾರೆ, ಕಾಗದದ ಎಡಗಡೆ ತುದಿಗೆ ಕೆಂಪು ಗೆರೆ ಎಳೀಬೇಕಂತೆ, ಗೆರೆ ಸಿಗೋ ತನಕ ಕಣ್ಣು ಎಳ್ಕೊಂಡು ಹೋಗಿ ಆಮೇಲೆ ಓದ್ಬೇಕಂತೆ. ಗೆರೆ ಯಾಕೆ, ನಾನು ಕೆಂಪು ದಾರಾನೇ ಹೊಲಿದು ಕೊಟ್ಟಿದೀನಿ, ಬೆರಳಿಗೂ ಸಿಗ್ಲಿ ಅಂತ. ದಿನಾ ಸ್ವಲ್ಪ ಸ್ವಲ್ಪ ಆಗುತ್ತೆ ಅಂದಿದಾರೆ. ಪೂರ್ತಿ ಆಗುತ್ತೆ ಅಂತ ಹೇಳಲಿಲ್ಲ.

ನಿಮ್ಮ ಟೈಲರಕ್ಕ


ಅಕ್ಟೋಬರ್ ೨೧

ಅಪ್ಪ,

ಹಾಳೆಯನ್ನು ಉದ್ದಕ್ಕೆ ಮಡಚಿ ಬಲಗಡೆಯ ಅರ್ಧದಲ್ಲಿ ಮಾತ್ರ ಬರೆಯುತ್ತಿದ್ದೇನೆ. ಇದರ ಎಡಗಡೆ ಏನೂ ಇಲ್ಲ. ನಿಜವಾಗಿಯೂ ಇಲ್ಲ. ಹುಡುಕಬೇಡಿ.

ಟೈಲರಕ್ಕನ ಕಾಗದ ಬಂತು. ಅಂಚು ನೋಡುವುದೇ ನನ್ನ ಕೆಲಸ. ನಿಮ್ಮ ಅಂಚು ಜಾರುತ್ತಿದ್ದುದನ್ನು ಎಲ್ಲರಿಗಿಂತ ಮೊದಲು ನೋಡಿದವಳು ನಾನು, ಸ್ಕೇಲ್ ಇಟ್ಟು ಅಳೆದವಳು. ಬೇರೆ ಯಾರಾದರೂ ಆಗಿದ್ದರೆ "ಅಪ್ಪನ ಕೈ ಯಾಕೋ ಸರಿಯಿಲ್ಲ" ಎಂದುಕೊಂಡು ಅವತ್ತೇ ಹೊರಟು ಬರುತ್ತಿದ್ದರು. ನಾನು ಅದರಲ್ಲಿ ಅರ್ಥ ಓದಿದೆ. ನನಗಾಗಿ ಬಿಟ್ಟ ಜಾಗ ಎಂದುಕೊಂಡೆ. ಜುಲೈನಲ್ಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ನಿಮ್ಮ ಡಾಕ್ಟರನ್ನು ಕೇಳುವ ಧೈರ್ಯ ನನಗಿಲ್ಲ.

ಸೆಪ್ಟೆಂಬರಿನಲ್ಲಿ ಬರೆದದ್ದನ್ನು ದಯವಿಟ್ಟು ಹರಿದುಹಾಕಿ.

ಇನ್ನೆರಡು ವಾರ ಕಳೆದ ಮೇಲಿನ ಶನಿವಾರ ಬರುತ್ತೇನೆ. ಈಗಲೇ ಹೊರಡಬಹುದು. ಆದರೆ ಬಾಗಿಲಲ್ಲಿ ನಿಮ್ಮ ಮುಖ ನೋಡಿದರೆ ನನ್ನ ಬಾಯಿಗೆ ಮತ್ತೆ ಬಸ್ಸಿನ ಮಾತೇ ಬರುತ್ತದೆ. ಅದಕ್ಕೆ ಮೊದಲು ಇದನ್ನು ನೀವು ಓದಿರಬೇಕು. ಅಂಚಿನಲ್ಲಿ ಬರೆದದ್ದೂ ಅರ್ಧವೇ. ಬಸ್ಸು ತಡವಾಗಿರಲಿಲ್ಲ, ಪಟ್ಟಿಯೊಂದು ಜಾರಿತ್ತು, ಅದನ್ನು ಸರಿಮಾಡಿದೆ. ಅಷ್ಟು ನಿಜ. ಉಳಿದದ್ದು ಇದು.

ಪಟ್ಟಿ ಸರಿಮಾಡಲು ಹದಿನೈದು ನಿಮಿಷ ಸಾಕಾಯಿತು. ಹನ್ನೊಂದೂ ಮುಕ್ಕಾಲಿಗೆ ಆ ಹಾಳೆ ಮುಗಿದಿತ್ತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದು ನಿಂತೆ. ಮತ್ತೆ ಕುಳಿತೆ. ಆಮೇಲೆ ಮೂರೂವರೆ ಗಂಟೆ, ಯಾರೂ ಕೇಳದ ಕೆಲಸ ಮಾಡಿದೆ. ನನಗೆ ಓದಲು ಬಾರದ ಭಾಷೆಯ ಪುಟವೊಂದನ್ನು ತೆರೆದು, ಅದರ ಎರಡೂ ಅಂಚು ಸಮ ಮಾಡಿದೆ. ಸಮವಾದ ಮೇಲೆ ಕೆಡಿಸಿ ಮತ್ತೆ ಮಾಡಿದೆ. "ಏನ್ ಮೇಡಂ, ಆಸ್ಪತ್ರೆಯಿಂದ ಫೋನ್ ಬಂದಿತ್ತಲ್ಲ?" ಎಂದು ಪಕ್ಕದವನು ಎರಡು ಸಲ ಕೇಳಿದ. "ಇದೊಂದು ಪುಟ" ಎಂದೆ. ಅಮ್ಮ ಹೋಗುವುದನ್ನು ನೋಡಲು ನನಗೆ ಹೆದರಿಕೆಯಾಗಿತ್ತು. ನಾನು ಹೋಗದಿದ್ದರೆ ಅವಳೂ ಹೋಗುವುದಿಲ್ಲ ಎಂದು ಎಲ್ಲೋ ಅನ್ನಿಸಿತ್ತು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ಎರಡು ವರ್ಷ ಕಳೆದೆ, ಸಿಗಲಿಲ್ಲ.

(ಇಲ್ಲಿ ಒಂದು ಸಾಲು ಬರೆದು ಅದರ ಮೇಲೆ ಅಡ್ಡಗೆರೆ ಎಳೆದಿದೆ: ಅಮ್ಮ ನನ್ನನ್ನು ಕೇಳಿದಳಾ?)

ಮೇಲಿನ ಸಾಲು ಹೊಡೆದುಹಾಕಿದ್ದೇನೆ. ಓದಬೇಡಿ.

ನಿಮ್ಮ ಚುಕ್ಕಿ


ಅಕ್ಟೋಬರ್ ೨೮

ಚುಕ್ಕಿ,

ಇದನ್ನು ಬರೆಯಲು ಮೂರು ದಿನ ಹಿಡಿಯಿತು. ಎಡಕ್ಕೆ ಕೆಂಪು ದಾರ ಇದೆ ಎಂದು ಟೈಲರಮ್ಮ ಹೇಳಿದ್ದಾಳೆ. ಪ್ರತಿ ಸಾಲಿಗೂ ಬೆರಳಿನಿಂದ ಹುಡುಕಿ, ಸಿಕ್ಕಿದ ಮೇಲೆ ಶುರು ಮಾಡುತ್ತೇನೆ. ಕೆಲವು ಸಲ ಸಿಗುವುದಿಲ್ಲ. ಅಂಚು ನೇರ ಇಲ್ಲದಿದ್ದರೆ ಅದರಲ್ಲಿ ಯಾವ ಅರ್ಥವೂ ಇಲ್ಲ, ನೀನು ಹುಡುಕಬೇಡ.

ಆಗಸ್ಟಿನ ಹಾಳೆಗೂ ದಾರ ಹೊಲಿಸಿಕೊಂಡು ಓದಿದೆ, ದಿನಕ್ಕೆ ಎರಡು ಸಾಲು. ನೀನು ಬಲಗಡೆ ಬರೆದದ್ದನ್ನು ಒಂದೇ ಸಲಕ್ಕೆ ಓದಿದೆ. ಸೆಪ್ಟೆಂಬರಿನದನ್ನು ಹರಿಯಲಿಲ್ಲ. ಅದರಲ್ಲಿ ಇರುವುದೂ ನಿಜವೇ.

ನಿನ್ನ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಹೊಡೆದುಹಾಕಿದ ಸಾಲಿನ ಕೆಳಗೆ ಚುಕ್ಕಿ ಇಟ್ಟಿದ್ದೇನೆ, ನಿನ್ನ ಅಮ್ಮನ ಪೆನ್ಸಿಲಿನಲ್ಲೇ. ಅದರ ಅರ್ಥ ನಿನಗೆ ಗೊತ್ತು. ಇದ್ದ ಹಾಗೇ ಇರಲಿ. ಕೇಳಿದ್ದೀಯ, ಹೇಳುತ್ತೇನೆ.

ಕೇಳಿದಳು. ಮೂರು ಸಲ. ಮೂರು ಸಲವೂ "ಬಸ್ಸು ತಡ ಇರ್ಬೇಕು" ಎಂದೆ. ನನ್ನ ಕಿವಿಗೆ ಅವಳ ದನಿ ಕೇಳಿಸುತ್ತಿರಲಿಲ್ಲ, ತುಟಿ ನೋಡಿ ತಿಳಿದುಕೊಂಡೆ. ವಾರ್ಡಿನ ಕಿಟಕಿಯಿಂದ ಬಸ್ ಸ್ಟಾಪು ಕಾಣುತ್ತಿತ್ತು. ಅರ್ಧ ಗಂಟೆಗೊಂದರಂತೆ ಏಳು ಬಸ್ಸು ಬಂದವು. ಅವಳ ಹಾಸಿಗೆ ಗೋಡೆಯ ಕಡೆಗಿತ್ತು, ಅವಳಿಗೆ ಕಾಣಲಿಲ್ಲ. ಎಂಟನೆಯದರಿಂದ ನೀನು ಇಳಿದೆ. ಬಂದವಳೇ "ಬಸ್ಸು ತಡ ಆಯ್ತು" ಎಂದೆ. ನಾನು ಅವಳಿಗೆ ಹೇಳಿದ ಸುಳ್ಳು ನಿನ್ನ ಬಾಯಿಂದ ಬಂತು. ಅವತ್ತಿನಿಂದ ನಿನ್ನ ಮುಖ ನೋಡಲು ಆಗಲಿಲ್ಲ. ಅದನ್ನು ಹೇಳಲು ಬಾಯಿ ಬರದೆ ಸಿಟ್ಟನ್ನು ಕಾರ್ಡಿನ ಮೇಲೆ ತೀರಿಸಿಕೊಂಡೆ. ಕಾರ್ಡು ಚೆನ್ನಾಗಿಯೇ ಇತ್ತು. ಓದಿದ್ದೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಬೆಳಿಗ್ಗೆಯಿಂದ ಕುಳಿತಿದ್ದೇನೆ. ಆ ಪದ ಸಾಲಿಗೆ ಕೂರುತ್ತಿಲ್ಲ. ಬಲವಂತದಿಂದ ಕೂರಿಸಿದರೆ ಎಲ್ಲೋ ಸಂದಿ ಬಿಡುತ್ತದೆ. ಅದರ ಜಾಗ ಖಾಲಿ ಬಿಟ್ಟಿದ್ದೇನೆ.

ಚೀಟಿಯನ್ನು ಎಡಕ್ಕೇ ಹೊಂದಿಸಿ ಅಚ್ಚು ಹಾಕು. ನನಗೆ ಕಾಣದಿದ್ದರೇನು, ಓದುವವರಿಗೆ ಕಾಣುತ್ತದೆ. 'ದಯವಿಟ್ಟು' ಇದೆ ಎಂದು ನೀನು ಹೇಳಿದ್ದೀಯ, ನಂಬುತ್ತೇನೆ. ನೂರ ನಲವತ್ತು ಸಾಕು. ಆ ಒಂದು ಪುಸ್ತಕವನ್ನು ಅರ್ಧ ಅರ್ಧ ವಾಕ್ಯವಾಗಿ ಓದಿ ಅನುವಾದಕನನ್ನು ಬೈದಿದ್ದೆ, ಪಾಪ. ನೂರ ಹದಿಮೂರರಿಂದ ಮತ್ತೆ ಶುರು ಮಾಡಬೇಕು.

ನೀನು ಹೇಳಿದ ಶನಿವಾರ ಬಾ. ಬಸ್ಸು ಎಷ್ಟು ಹೊತ್ತಿಗಾದರೂ ಬರಲಿ, ಏನೂ ಹೇಳಬೇಡ. ಸುಮ್ಮನೆ ಒಳಗೆ ಬಂದು ನನ್ನ ಬಲಗಡೆ ಕುಳಿತುಕೋ. ಎಡಗಡೆ ಕುಳಿತರೆ ನೀನು ಬಂದೇ ಇಲ್ಲ ಎಂದುಕೊಂಡು, ನಾನು ಬಾಗಿಲನ್ನೇ ನೋಡುತ್ತಿರುತ್ತೇನೆ.

ಅಪ್ಪ